ಕೆಂಪು ಮೂಗು ಮತ್ತು ಅಳತೆಗೋಲು

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ವಲ್ಪ ಹೊತ್ತು ಕುಳಿತವರು ಒಂದು ವಿಷಯ ಗಮನಿಸಿರುತ್ತಾರೆ. ಬಾಗಿಲು ತೆರೆದ ಸದ್ದಾದೊಡನೆ ಎಲ್ಲ ಮಕ್ಕಳ ಕಣ್ಣೂ ಅತ್ತ ಹೊರಳುತ್ತದೆ. ಬಂದವರ ಕೈಯಲ್ಲಿ ಟ್ರೇ ಇದೆಯೇ, ಟ್ರೇಯಲ್ಲಿ ಸಿರಿಂಜು ಇದೆಯೇ ಎಂದು ಅವು ಮೊದಲು ನೋಡುತ್ತವೆ. ಇದ್ದರೆ ಸೂಜಿ ಚುಚ್ಚುವ ಮೊದಲೇ ಅಳು ಶುರುವಾಗುತ್ತದೆ.

ಅದೇ ಬಾಗಿಲಲ್ಲಿ ಒಬ್ಬ ವಿಚಿತ್ರ 'ಡಾಕ್ಟರು' ಕಾಣಿಸಿಕೊಂಡರೆ? ಬಿಳಿ ಕೋಟು ಇದೆ, ಆದರೆ ಅದರ ತುಂಬ ಬಣ್ಣದ ತೇಪೆ. ಮೂಗಿನ ಮೇಲೆ ಕೆಂಪು ಚೆಂಡು. ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು ಇದೆ, ಆದರೆ ಆತ ಅದನ್ನು ಕಿವಿಗೆ ಇಟ್ಟುಕೊಂಡು ಮಂಚದ ಕಾಲಿನ ಎದೆಬಡಿತ ಕೇಳುತ್ತಿದ್ದಾನೆ. ಮಕ್ಕಳು ಅಳು ಮರೆತು ನೋಡುತ್ತವೆ.

ಹೀಗೆ ವೇಷ ಹಾಕಿಕೊಂಡು ಕಾಯಿಲೆಯ ಮಕ್ಕಳನ್ನು ನಗಿಸುವವರಿಗೆ 'ಆಸ್ಪತ್ರೆ ವಿದೂಷಕರು' ಎನ್ನಬಹುದು. ಕೆಲವರು ತರಬೇತಿ ಪಡೆದ, ಸಂಬಳ ಪಡೆಯುವ ಕಲಾವಿದರು. ಹಲವರು ಬಿಡುವಿನ ವೇಳೆಯಲ್ಲಿ ಬರುವ ಸ್ವಯಂಸೇವಕರು. 'ನಗು ಒಳ್ಳೆಯ ಮದ್ದು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಮದ್ದು ಎಂದ ಮೇಲೆ ಅದನ್ನು ಪರೀಕ್ಷಿಸಬೇಕಲ್ಲವೇ? ಅದು ಎಷ್ಟು ಕೆಲಸ ಮಾಡುತ್ತದೆ? ಯಾವಾಗ ಕೆಲಸ ಮಾಡುವುದಿಲ್ಲ? ಅದರಿಂದ ಹಾನಿಯೂ ಇದೆಯೇ? ನಗುವನ್ನು, ಭಯವನ್ನು ಅಳೆಯುವುದಾದರೂ ಹೇಗೆ?

ಸರ್ಕಸ್ಸಿನಿಂದ ವಾರ್ಡಿಗೆ

ಈ ಕೆಲಸಕ್ಕೆ ಒಂದು ಕ್ರಮ ಬಂದದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ, 1986ರಲ್ಲಿ. ಬಿಗ್ ಆ್ಯಪಲ್ ಸರ್ಕಸ್‌ನ ಸಹಸ್ಥಾಪಕ, ಸ್ವತಃ ವಿದೂಷಕನಾದ ಮೈಕೆಲ್ ಕ್ರಿಸ್ಟೆನ್ಸನ್ ಅವರನ್ನು ಮಕ್ಕಳ ಆಸ್ಪತ್ರೆಯೊಂದು ಕಾರ್ಯಕ್ರಮ ಕೊಡಲು ಕರೆಯಿತು. ಅದಕ್ಕೆ ಸ್ವಲ್ಪ ಮೊದಲು ಅವರ ಸಹೋದರ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆತ ಕೊಟ್ಟಿದ್ದ ಹಳೆಯ ವೈದ್ಯರ ಬ್ಯಾಗೊಂದು ಕ್ರಿಸ್ಟೆನ್ಸನ್ ಬಳಿ ಇತ್ತು. ಅದನ್ನು ಹಿಡಿದು ಅವರು 'ಡಾಕ್ಟರ್' ವೇಷದಲ್ಲಿ ಮಕ್ಕಳ ಮುಂದೆ ನಿಂತರು. ಅಲ್ಲಿಂದ 'ಕ್ಲೌನ್ ಕೇರ್' ಎಂಬ ಯೋಜನೆ ಹುಟ್ಟಿತು. ವೈದ್ಯರಂತೆಯೇ ವಿದೂಷಕರೂ ದಿನ ಗೊತ್ತುಮಾಡಿಕೊಂಡು ಮಂಚದಿಂದ ಮಂಚಕ್ಕೆ 'ರೌಂಡ್ಸ್' ಹೋಗುವುದು ಇದರ ವಿಶೇಷ.

1991ರಲ್ಲಿ ಫ್ರಾನ್ಸಿನಲ್ಲೂ ಬ್ರೆಜಿಲ್‌ನಲ್ಲೂ ಇಂಥ ಸಂಸ್ಥೆಗಳು ಆರಂಭವಾದವು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯ 2006ರಲ್ಲಿ ಇದನ್ನು ಪದವಿ ಮಟ್ಟದ ಪಾಠವಾಗಿಸಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯ 2015ರಲ್ಲಿ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ವಿದೂಷಕರು ಇರಬೇಕೆಂದು ಕಾನೂನನ್ನೇ ಮಾಡಿತು. ದೆಹಲಿಯಲ್ಲಿ 2016ರಲ್ಲಿ 'ಕ್ಲೌನ್ಸೆಲರ್ಸ್' ಎಂಬ ಸ್ವಯಂಸೇವಕರ ತಂಡ ಹುಟ್ಟಿಕೊಂಡಿತು.

ಭಯ ನೋವನ್ನು ಹೆಚ್ಚಿಸುವುದು ಹೇಗೆ?

ಮಗು ಓಡುವಾಗ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡರೆ ಅಮ್ಮ ಮೊದಲು ಮಾಡುವ ಕೆಲಸವೇನು? ಆ ಜಾಗವನ್ನು ಕೈಯಿಂದ ಉಜ್ಜುವುದು, ಜೊತೆಗೆ 'ಅಲ್ಲಿ ನೋಡು, ಕಾಗೆ' ಎನ್ನುವುದು. ಈ ಎರಡು ಉಪಾಯಗಳ ಹಿಂದೆಯೂ ವಿಜ್ಞಾನವಿದೆ.

ನೋವಿನ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುವ ನರತಂತುಗಳಲ್ಲಿ ಬಹಳ ತೆಳುವಾದವು ಇವೆ. ಅವುಗಳಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ತಂತುಗಳಲ್ಲಿ ಅದು ಸೆಕೆಂಡಿಗೆ ಹತ್ತಾರು ಮೀಟರ್. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ಒಂದು 'ಗೇಟು' ಇದ್ದಂತೆ ಭಾವಿಸಿ. ಸ್ಪರ್ಶದ ಸಂಕೇತಗಳು ಹೆಚ್ಚಾಗಿ ಬಂದಾಗ ಈ ಗೇಟು ನೋವಿನ ಸಂಕೇತಗಳಿಗೆ ಭಾಗಶಃ ಮುಚ್ಚಿಕೊಳ್ಳುತ್ತದೆ. ಉಜ್ಜಿದರೆ ನೋವು ಕಡಿಮೆ ಎನಿಸುವುದು ಇದರಿಂದ. ಅಷ್ಟೇ ಅಲ್ಲ, ಮಿದುಳಿನಿಂದ ಕೆಳಗಿಳಿದು ಬರುವ ಸಂಕೇತಗಳೂ ಈ ಗೇಟನ್ನು ತೆರೆಯಬಲ್ಲವು, ಮುಚ್ಚಬಲ್ಲವು. ಗಮನ ಬೇರೆಡೆ ಹೋದಾಗ ಗೇಟು ಕಿರಿದಾಗುತ್ತದೆ, ಭಯಪಟ್ಟು ಅದನ್ನೇ ಕಾಯುತ್ತಿದ್ದಾಗ ಅಗಲವಾಗುತ್ತದೆ. ಮುಂದಿನ ಸಂಶೋಧನೆಗಳು ಈ ಸಿದ್ಧಾಂತದ ವಿವರಗಳನ್ನು ತಿದ್ದಿವೆ. ಆದರೆ ನೋವು ಎಂಬುದು ಗಾಯದಿಂದ ಮಿದುಳಿಗೆ ನೇರವಾಗಿ ಹೋಗುವ ತಂತಿ ಸುದ್ದಿಯಲ್ಲ, ದಾರಿಯಲ್ಲೇ ಹೆಚ್ಚು ಕಡಿಮೆ ಆಗಬಲ್ಲದ್ದು ಎಂಬ ಮೂಲ ವಿಚಾರ ಉಳಿದುಕೊಂಡಿದೆ.

ಹಾಗಾಗಿ ಶಸ್ತ್ರಚಿಕಿತ್ಸೆಗೆ ಮೊದಲು ಮಗುವಿಗೆ ಆಗುವ ಭಯ ಕೇವಲ 'ಅಳುಬುರುಕುತನ' ಅಲ್ಲ. ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಳಗಾದ 5ರಿಂದ 12 ವರ್ಷದ 241 ಮಕ್ಕಳನ್ನು ಅಮೆರಿಕದ ಸಂಶೋಧಕರು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಮೊದಲೇ ಹೆಚ್ಚು ಹೆದರಿದ್ದ ಮಕ್ಕಳಿಗೆ ಆಮೇಲೆ ನೋವೂ ಹೆಚ್ಚು ಇತ್ತು, ನೋವಿನ ಔಷಧಿಯೂ ಹೆಚ್ಚು ಬೇಕಾಯಿತು. ಭಯವನ್ನು ಕಡಿಮೆ ಮಾಡುವುದು ಚಿಕಿತ್ಸೆಯ ಒಂದು ಭಾಗವೇ ಎಂದಾಯಿತು.

ಭಯಕ್ಕೊಂದು ಮಾಪಕ

ಭೌತವಿಜ್ಞಾನ ಕಲಿಸುವವನಾದ ನನಗೆ ಈ ವಿಷಯದಲ್ಲಿ ಹೆಚ್ಚು ಕುತೂಹಲ ಮೂಡಿಸಿದ್ದು ಅಳತೆಯ ಪ್ರಶ್ನೆ. ಉದ್ದಕ್ಕೆ ಮೀಟರ್ ಇದೆ, ಉಷ್ಣತೆಗೆ ಥರ್ಮಾಮೀಟರ್ ಇದೆ. ಮಗುವಿನ ಭಯಕ್ಕೆ?

ನೋವಿಗೆ ಬಳಸುವ ಪ್ರಸಿದ್ಧ ಅಳತೆಗೋಲು ವಾಂಗ್–ಬೇಕರ್ ಮುಖಗಳ ಪಟ್ಟಿ. ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರಗಳು, ಅವಕ್ಕೆ 0, 2, 4, 6, 8, 10 ಎಂಬ ಅಂಕಗಳು. 3 ವರ್ಷ ದಾಟಿದ ಮಗು ತನ್ನ ನೋವಿಗೆ ಹೊಂದುವ ಮುಖವನ್ನು ಬೆರಳಿಟ್ಟು ತೋರಿಸುತ್ತದೆ. ಮಾತು ಬಾರದ ಕೂಸಾದರೆ ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಎಂಬ ಐದನ್ನು ಗಮನಿಸಿ ತಲಾ 0ರಿಂದ 2 ಅಂಕ ಕೊಡುವ ಪದ್ಧತಿ ಇದೆ. ಶಸ್ತ್ರಚಿಕಿತ್ಸೆಗೆ ಮೊದಲಿನ ಭಯವನ್ನು ಅಳೆಯಲು ಅಮೆರಿಕದ ಯೇಲ್‌ನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಮಾಪಕವೊಂದಿದೆ. ಮಗುವಿನ ಚಟುವಟಿಕೆ, ಮಾತು, ಭಾವ, ಎಚ್ಚರದ ಮಟ್ಟ, ತಾಯಿತಂದೆಯರನ್ನು ಅವಲಂಬಿಸುವ ರೀತಿ ಇವನ್ನು ನೋಡಿ ತರಬೇತಾದ ವೀಕ್ಷಕರು ಅಂಕ ಹಾಕುತ್ತಾರೆ. ಅತಿ ಕಡಿಮೆ ಎಂದರೆ ಸುಮಾರು 23, ಅತಿ ಹೆಚ್ಚು ಎಂದರೆ 100. 30 ದಾಟಿದರೆ ಮಗು ಹೆದರಿದೆ ಎಂದರ್ಥ.

ಇದಲ್ಲದೆ ನಾಡಿಬಡಿತ ಎಣಿಸಬಹುದು. ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಎಷ್ಟಿದೆ ಎಂದು ನೋಡಬಹುದು. ಆದರೆ ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಬೆಳಿಗ್ಗೆ ಒಮ್ಮೆ ಅಳೆದು, ಮಧ್ಯಾಹ್ನ ವಿದೂಷಕ ಬಂದುಹೋದ ಮೇಲೆ ಇನ್ನೊಮ್ಮೆ ಅಳೆದು 'ನೋಡಿ, ನಗುವಿನಿಂದ ಇಳಿಯಿತು' ಎಂದರೆ ಅದು ತಪ್ಪು ತೀರ್ಮಾನ. ಹೋಲಿಕೆಗೆ ವಿದೂಷಕ ಭೇಟಿ ಕೊಡದ ಮಕ್ಕಳ ಗುಂಪೊಂದು ಬೇಕೇ ಬೇಕು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ನಾಣ್ಯ ಚಿಮ್ಮಿದಂತೆ ಆಕಸ್ಮಿಕವಾಗಿ ನಿರ್ಧರಿಸಬೇಕು. ಇಲ್ಲವಾದರೆ ಮೊದಲೇ ಗೆಲುವಾಗಿರುವ ಮಕ್ಕಳೆಲ್ಲ ವಿದೂಷಕನ ಗುಂಪಿಗೆ ಸೇರಿಬಿಡಬಹುದು.

ಪ್ರಯೋಗಗಳು ಹೇಳುವುದೇನು?

ಇಟಲಿಯ ಫ್ಲಾರೆನ್ಸಿನ ಸಂಶೋಧಕರು 2005ರಲ್ಲಿ ಇಂಥದೊಂದು ಪ್ರಯೋಗದ ವರದಿ ಪ್ರಕಟಿಸಿದರು. ಸಣ್ಣ ಶಸ್ತ್ರಚಿಕಿತ್ಸೆಗೆ ಬಂದಿದ್ದ 5ರಿಂದ 12 ವರ್ಷದ 40 ಮಕ್ಕಳಲ್ಲಿ 20 ಮಂದಿಯ ಜೊತೆ ತಾಯಿ ಅಥವಾ ತಂದೆಯಲ್ಲದೆ ವಿದೂಷಕರೂ ಇದ್ದರು. ಉಳಿದ 20 ಮಂದಿಯ ಜೊತೆ ತಾಯಿ ಅಥವಾ ತಂದೆ ಮಾತ್ರ. ಅರಿವಳಿಕೆ ಕೊಡುವ ಹೊತ್ತಿಗೆ ವಿದೂಷಕರಿದ್ದ ಗುಂಪಿನ ಭಯ ಗಮನಾರ್ಹವಾಗಿ ಕಡಿಮೆ ಇತ್ತು. ಆದರೆ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಮಕ್ಕಳಿಗೆ ಒಳ್ಳೆಯದಾಯಿತು ಎಂದು ಒಪ್ಪಿದ ಸಿಬ್ಬಂದಿಯಲ್ಲೇ ಹೆಚ್ಚಿನವರು ಈ ಕಾರ್ಯಕ್ರಮ ಮುಂದುವರಿಯುವುದು ಬೇಡವೆಂದರು. ಶಸ್ತ್ರಚಿಕಿತ್ಸೆಯ ಕೊಠಡಿಯ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ದೂರು.

ಇಸ್ರೇಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 3ರಿಂದ 8 ವರ್ಷದ 65 ಮಕ್ಕಳಿದ್ದರು. ಗುಂಪುಗಳು ಮೂರು: ಭಯ ತಗ್ಗಿಸುವ ಮಿಡಜೋಲಮ್ ಎಂಬ ಔಷಧಿ ಪಡೆದವರು, ವಿದೂಷಕನ ಜೊತೆ ಇದ್ದವರು, ಎರಡೂ ಇಲ್ಲದವರು. ಕಾಯುವ ಕೋಣೆಯಲ್ಲಿ ವಿದೂಷಕನ ಗುಂಪಿನ ಭಯ ಕಡಿಮೆ ಇತ್ತು. ಆದರೆ ಅರಿವಳಿಕೆಯ ಮಾಸ್ಕನ್ನು ಮುಖಕ್ಕೆ ಇಟ್ಟ ಕ್ಷಣದಲ್ಲಿ ವಿದೂಷಕ ಇದ್ದ ಮಕ್ಕಳಿಗೂ ಏನೂ ಇಲ್ಲದ ಮಕ್ಕಳಿಗೂ ವ್ಯತ್ಯಾಸ ಉಳಿಯಲಿಲ್ಲ. ನಗುವಿಗೂ ಒಂದು ಮಿತಿ ಇದೆ.

2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಸಮೀಕ್ಷೆಯೊಂದು ಇಂಥ 24 ಅಧ್ಯಯನಗಳನ್ನು, ಒಟ್ಟು 1,612 ಮಕ್ಕಳನ್ನು ಒಟ್ಟಿಗೆ ಪರಿಶೀಲಿಸಿತು. ಚಿಕಿತ್ಸೆಯ ವೇಳೆ ವಿದೂಷಕರಿದ್ದಾಗ ಮಕ್ಕಳ ಆತಂಕ ಕಡಿಮೆ ಇರುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರ ದೊರೆಯಿತು. ನೋವಿನ ವಿಷಯದಲ್ಲಿ ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಕಾಯಿಲೆಯನ್ನೇ ವಿದೂಷಕ ಗುಣಪಡಿಸುತ್ತಾನೆ ಎಂದು ಈ ಸಮೀಕ್ಷೆ ಹೇಳುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ತೊಡಕೊಂದಿದೆ. ಹೊಸ ಮಾತ್ರೆಯನ್ನು ಪರೀಕ್ಷಿಸುವಾಗ ಅದೇ ರೂಪದ ಹುಸಿ ಮಾತ್ರೆಯನ್ನು ಇನ್ನೊಂದು ಗುಂಪಿಗೆ ಕೊಡಬಹುದು. ನಿಜವಾದದ್ದು ಯಾರಿಗೆ ಸಿಕ್ಕಿತು ಎಂದು ರೋಗಿಗೂ ಗೊತ್ತಿರುವುದಿಲ್ಲ, ಅಳೆಯುವವನಿಗೂ ಗೊತ್ತಿರುವುದಿಲ್ಲ. ಕೆಂಪು ಮೂಗನ್ನು ಹೀಗೆ ಬಚ್ಚಿಡುವುದು ಹೇಗೆ? ವೀಕ್ಷಕ ಅದನ್ನು ನೋಡಿಯೇ ಅಂಕ ಹಾಕುತ್ತಾನೆ, ಅವನ ನಿರೀಕ್ಷೆ ಅಂಕದೊಳಗೆ ನುಸುಳಬಹುದು. ಉಪಕರಣದ ದೋಷವನ್ನು ಸರಿಪಡಿಸುವುದು ಸುಲಭ, ನೋಡುವವನ ನಿರೀಕ್ಷೆಯನ್ನು ಸರಿಪಡಿಸುವುದು ಕಷ್ಟ. ಈ ಫಲಿತಾಂಶಗಳನ್ನು ಓದುವಾಗ ಇದು ನೆನಪಿರಲಿ.

ಸಾಬೂನು ಗುಳ್ಳೆಯ ಉಪಕಾರ

ಆಸ್ಪತ್ರೆ ವಿದೂಷಕರ ಚೀಲದಲ್ಲಿ ಹೆಚ್ಚಾಗಿ ಕಾಣುವ ವಸ್ತು ಸಾಬೂನು ನೀರಿನ ಡಬ್ಬಿ ಮತ್ತು ಒಂದು ಬಳೆ. ಗುಳ್ಳೆಗಳು ನೋಡಲು ಚೆಂದ ಎಂಬುದಷ್ಟೇ ಕಾರಣವಲ್ಲ. ಲೆಕ್ಕ ಮಾಡಿ ನೋಡೋಣ.

ಸಾಬೂನು ಗುಳ್ಳೆಯ ಪೊರೆಗೆ ಒಳಗೊಂದು, ಹೊರಗೊಂದು ಎಂದು ಎರಡು ಮೇಲ್ಮೈಗಳಿವೆ. ಆದ್ದರಿಂದ ಗುಳ್ಳೆಯ ಒಳಗಿನ ಒತ್ತಡ ಹೊರಗಿಗಿಂತ ಎಷ್ಟು ಹೆಚ್ಚು ಎಂದು ತಿಳಿಯಲು ಮೇಲ್ಮೈ ಎಳೆತವನ್ನು ನಾಲ್ಕರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕು. ಸಾಬೂನು ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.025 ನ್ಯೂಟನ್. ಬಳೆಯ ತ್ರಿಜ್ಯ 1 ಸೆಂಟಿಮೀಟರ್ ಇರಲಿ. ಪೊರೆ ಉಬ್ಬಿ ಅರ್ಧಗೋಳವಾದಾಗ ಒತ್ತಡ ಅತಿ ಹೆಚ್ಚು. ಅದು ಸುಮಾರು 10 ಪ್ಯಾಸ್ಕಲ್, ಅಂದರೆ 1 ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. ರಬ್ಬರ್ ಬಲೂನು ಊದಲು ಸಾವಿರಾರು ಪ್ಯಾಸ್ಕಲ್ ಬೇಕು. ಪೊರೆಗೆ 10 ಪ್ಯಾಸ್ಕಲ್ ಒತ್ತಡ ಕೊಡಲು ಉಸಿರಿನ ವೇಗ ಸೆಕೆಂಡಿಗೆ ಸುಮಾರು 4 ಮೀಟರ್ ಇದ್ದರೆ ಸಾಕು. ಜೋರಾಗಿ ಊದಿದರೆ ಪೊರೆ ಹರಿದುಹೋಗುತ್ತದೆ.

ಅಂದರೆ ದೊಡ್ಡ ಗುಳ್ಳೆ ಬೇಕಾದರೆ ಮಗು ಮೆಲ್ಲಗೆ, ಒಂದೇ ಸಮನೆ, ದೀರ್ಘವಾಗಿ ಉಸಿರು ಬಿಡಬೇಕು. ಬಿಕ್ಕುತ್ತಾ ಗುಳ್ಳೆ ಊದಲು ಬರುವುದಿಲ್ಲ! ಉಸಿರನ್ನು ಹೊರಬಿಡುವಾಗ ಹೃದಯಬಡಿತ ತುಸು ನಿಧಾನವಾಗುತ್ತದೆ. ದೀರ್ಘ ನಿಶ್ವಾಸ ದೇಹವನ್ನು ಶಾಂತಗೊಳಿಸುವ ನರವ್ಯೂಹಕ್ಕೆ ನೆರವಾಗುತ್ತದೆ. 'ಹೆದರಬೇಡ, ನಿಧಾನವಾಗಿ ಉಸಿರಾಡು' ಎಂದರೆ ಕೇಳದ ಮಗು, ಗುಳ್ಳೆಗಾಗಿ ಅದನ್ನೇ ಮಾಡುತ್ತದೆ.

ವೇಷವೇ ಹೆದರಿಸಿದರೆ?

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ರಕ್ತದ ಕ್ಯಾನ್ಸರಿನ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದಳು. ಆಗ ಅವಳಿಗೆ ಐದು ವರ್ಷ. ಒಂದು ಮಧ್ಯಾಹ್ನ ಆರೇಳು ಮಂದಿ ಸ್ವಯಂಸೇವಕರು ಬಂದರು. ಒಬ್ಬರು ತಲೆಯಿಂದ ಕಾಲಿನವರೆಗೆ ಕರಡಿಯ ವೇಷದಲ್ಲಿದ್ದರು. ಜೊತೆಗೆ ಫೋಟೋ ತೆಗೆಯುವವರು. ಕರಡಿ ನೇರವಾಗಿ ಮಂಚದ ಬಳಿ ಬಂದು ಕೈ ಚಾಚಿತು. ಹುಡುಗಿ ಕಿರುಚಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೈಗೆ ಹಾಕಿದ್ದ ಡ್ರಿಪ್ಪಿನ ಸೂಜಿ ಕಳಚಿ, ಮತ್ತೆ ಚುಚ್ಚಬೇಕಾಯಿತು. ಬಂದವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆ ದಿನ ಅವಳ ಪಾಲಿಗೆ ಒಂದು ಚುಚ್ಚು ಹೆಚ್ಚಾಯಿತು.

ನಾನು ಕರಾವಳಿಯವನು. ಚಿಕ್ಕಂದಿನಲ್ಲಿ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಾಗ ನಾನೂ ಹೀಗೆಯೇ ಕಿರುಚಿದ್ದೆನಂತೆ. ಮರುವರ್ಷ ಅಪ್ಪ ನನ್ನನ್ನು ಮೊದಲೇ ಚೌಕಿಗೆ ಕರೆದೊಯ್ದರು. ಕನ್ನಡಿಯ ಮುಂದೆ ಕುಳಿತ ಕಲಾವಿದರ ಮುಖ ಸ್ವಲ್ಪಸ್ವಲ್ಪವಾಗಿ ರಾಕ್ಷಸನಾಗುವುದನ್ನು ನೋಡಿದೆ. ಅವರು ನಡುವೆ ತಿರುಗಿ, 'ಊಟ ಆಯ್ತಾ ಮಾಣಿ?' ಎಂದು ಕೇಳಿದರು. ಆ ರಾತ್ರಿ ರಾಕ್ಷಸ ಎಷ್ಟು ಅಬ್ಬರಿಸಿದರೂ ನನಗೆ ಭಯವಾಗಲಿಲ್ಲ.

ಮಕ್ಕಳು ಮನುಷ್ಯರ ಮುಖ ನೋಡಿ ಅವರ ಉದ್ದೇಶ ಓದುತ್ತಾರೆ. ಇಡೀ ಮುಖ ಮುಚ್ಚುವ ವೇಷ ಈ ಓದನ್ನೇ ತಪ್ಪಿಸುತ್ತದೆ. ಕೆಂಪು ಮೂಗಾದರೋ ಅತಿ ಚಿಕ್ಕ ಮುಖವಾಡ. ಕಣ್ಣು, ಬಾಯಿ, ಹುಬ್ಬು ಎಲ್ಲ ಹೊರಗೇ ಇರುತ್ತವೆ. ಅದನ್ನು ಮಗುವಿನ ಎದುರಿಗೇ ಹಾಕಿಕೊಳ್ಳಬಹುದು, ಬೇಡವೆಂದರೆ ಅಲ್ಲೇ ತೆಗೆಯಬಹುದು.

ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 4ರಿಂದ 16 ವರ್ಷದ 250ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಯ ಗೋಡೆಯ ಅಲಂಕಾರದ ಬಗ್ಗೆ ಕೇಳಿದರು. ವಿದೂಷಕರ ಚಿತ್ರಗಳು ಮಕ್ಕಳಿಗೆ ಇಷ್ಟವಿಲ್ಲ ಎಂದು 2008ರಲ್ಲಿ ವರದಿಯಾಯಿತು. ಹಾಗಾದರೆ ಮಕ್ಕಳೆಲ್ಲ ವಿದೂಷಕರಿಗೆ ಹೆದರುತ್ತಾರೆಯೇ? ಹೈಫಾದ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆದ ವಿದೂಷಕರು ಭೇಟಿಯಾದ 1,160 ಮಕ್ಕಳಲ್ಲಿ ಹೆದರಿದವರು 14 ಮಂದಿ ಮಾತ್ರ, ಅಂದರೆ ಶೇಕಡ 1.2 ಎಂದು 2017ರ ವರದಿಯೊಂದು ಹೇಳುತ್ತದೆ. ಗೋಡೆಯ ಚಿತ್ರ ಮಗುವಿನ ಮುಖ ನೋಡಿ ಹಿಂದೆ ಸರಿಯಲಾರದು, ಮನುಷ್ಯ ಸರಿಯಬಲ್ಲ. ಎರಡು ಅಂಕಿಗಳ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನಿಸುತ್ತದೆ.

ಕರಡಿಯ ಘಟನೆಯಾಗಿ ಕೆಲವು ವಾರಗಳ ನಂತರ ಇನ್ನೊಬ್ಬ ಯುವಕ ಬಂದ. ಒಬ್ಬನೇ. ಬಾಗಿಲ ಹೊರಗೆ ನಿಂತು ಜೇಬಿನಿಂದ ಕೆಂಪು ಮೂಗು ತೆಗೆದು ಹಾಕಿಕೊಂಡು, 'ಒಳಗೆ ಬರಲಾ, ಮೇಡಂ?' ಎಂದು ಕೇಳಿದ. ಹುಡುಗಿ 'ಬೇಡ' ಎಂದಳು. ಆತ ಸಲಾಮು ಹೊಡೆದು, ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡಂತೆ ನಟಿಸಿ, ಹೊರಟುಹೋದ. ಮಾರನೆಯ ವಾರವೂ 'ಬೇಡ'. ಮೂರನೆಯ ವಾರ ಅವಳೇ ಅಮ್ಮನನ್ನು ಕೇಳಿದಳು, 'ಆ ಮೂಗಿನ ಅಣ್ಣ ಇವತ್ತು ಬರಲ್ವಾ?' ಆತ ಬಂದಾಗ ಒಳಗೆ ಕರೆದಳು. ಯೋಚಿಸಿ ನೋಡಿ. ಆ ಕೋಣೆಯಲ್ಲಿ ಮಾತ್ರೆ, ಸೂಜಿ, ಊಟ, ನಿದ್ದೆ ಯಾವುದಕ್ಕೂ ಅವಳು 'ಬೇಡ' ಎನ್ನುವಂತಿರಲಿಲ್ಲ. ಅವಳ 'ಬೇಡ'ವನ್ನು ಕೇಳಿ ಹಿಂದೆ ಹೋದವನು ಆತನೊಬ್ಬನೇ. ಈಗ ಅವಳು ಶಾಲೆಗೆ ಹೋಗುತ್ತಿದ್ದಾಳೆ. ಗುಣಪಡಿಸಿದ್ದು ಔಷಧಿ, ಸಂಶಯವಿಲ್ಲ. ಆದರೆ ಆಸ್ಪತ್ರೆಯ ದಿನಗಳಲ್ಲಿ ಅವಳು ಇಂದಿಗೂ ನೆನೆಯುವುದು ಆ ಬಾಗಿಲ ಆಟವನ್ನು.

ಹೋಗಬಯಸುವವರಿಗೆ

ವೇಷ ತೊಟ್ಟು ಮಕ್ಕಳಿಗೆ ನೆರವಾಗುವುದು ನಮಗೆ ಹೊಸದಲ್ಲ. ಉಡುಪಿ ಬಳಿಯ ಕಟಪಾಡಿಯ ಕೂಲಿ ಕಾರ್ಮಿಕರಾದ ರವಿ ಕಟಪಾಡಿಯವರು ಹಲವು ವರ್ಷ ಕೃಷ್ಣಾಷ್ಟಮಿಯ ಸಂದರ್ಭದಲ್ಲಿ ವಿಚಿತ್ರ ವೇಷಗಳನ್ನು ಧರಿಸಿ, ಜನ ಕೊಟ್ಟ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ನೀಡಿದ್ದಾರೆ. ಬೀದಿಯ ವೇಷ ದೂರದಿಂದ ಕಣ್ಣು ಸೆಳೆಯಬೇಕು, ದೊಡ್ಡದಾಗಿರಬೇಕು. ಮಂಚದ ಪಕ್ಕದ ವೇಷದ ನಿಯಮ ಬೇರೆ.

ನಿಮ್ಮ ಕಾಲೇಜಿನ ವಿದ್ಯಾರ್ಥಿಗಳು ಇಂಥ ಕೆಲಸಕ್ಕೆ ಹೊರಟರೆ ಮೊದಲು ಆಸ್ಪತ್ರೆಯವರ ಒಪ್ಪಿಗೆ ಪಡೆಯಲಿ, ದಾದಿಯರ ಮಾತು ಕೇಳಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ. ನೆಗಡಿ, ಕೆಮ್ಮು ಇದ್ದವರು ಹೋಗಬಾರದು. ವೇಷದ ಬಟ್ಟೆ ಪ್ರತಿ ಸಲ ಒಗೆಯುವಂಥದ್ದಾಗಿರಬೇಕು. ರಬ್ಬರ್ ಬಲೂನು ಬೇಡ: ಪದೇ ಪದೇ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ, ಒಡೆದ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಲೂಬಹುದು. ಸಾಬೂನು ನೀರು ನೆಲಕ್ಕೆ ಚೆಲ್ಲಿದರೆ ಒರೆಸಬೇಕು. ಫೋಟೋ ಬೇಡವೇ ಬೇಡ.

ಮಾಡಿ ನೋಡಿ

ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಮತ್ತೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗಿ, ಬಿಡುವಾಗ ನಿಧಾನವಾಗುವುದು ಗೊತ್ತಾಗುತ್ತದೆ. ಹದಿಹರೆಯದವರಲ್ಲಿ ಇದು ಸ್ಪಷ್ಟ.

ಮುಂದೆ ತರಗತಿಯಲ್ಲಿ ನಾಣ್ಯ ಚಿಮ್ಮಿ ಎರಡು ಗುಂಪು ಮಾಡಿ. ಎಲ್ಲರೂ ಐವತ್ತು ಸಲ ಕುಳಿತು ಎದ್ದ ಕೂಡಲೇ ಒಂದು ಗುಂಪು ಎರಡು ನಿಮಿಷ ಸಾಬೂನು ಗುಳ್ಳೆ ಊದಲಿ, ಇನ್ನೊಂದು ಗುಂಪು ಸುಮ್ಮನೆ ಕುಳಿತಿರಲಿ. ನಾಡಿ ಎಣಿಸಿ ಬರೆದುಕೊಳ್ಳಿ. ವ್ಯತ್ಯಾಸ ಬಂದರೆ ಅದು ಗುಳ್ಳೆಯಿಂದಲೇ ಎಂದು ಹೇಗೆ ಹೇಳುವಿರಿ? ನಾಡಿ ಎಣಿಸುವವರಿಗೆ ಯಾರು ಯಾವ ಗುಂಪಿನವರು ಎಂದು ತಿಳಿಯದಂತೆ ಮಾಡಲು ಸಾಧ್ಯವೇ? ಕೆಂಪು ಮೂಗಿಗೆ ಸಾಧ್ಯವಾಗದ ಆ ಪರೀಕ್ಷೆ ಗುಳ್ಳೆಗಾದರೂ ಸಾಧ್ಯವಾದೀತು. ಉಪಾಯ ಹುಡುಕುವ ಕೆಲಸ ನಿಮ್ಮ ವಿದ್ಯಾರ್ಥಿಗಳಿಗೆ ಬಿಟ್ಟದ್ದು.